ಅರ್ಧ ಅಂಕಣದಿಂದ ಪೂರ್ತಿ ಅಂಕಣಕ್ಕೆ
ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ಮತ್ತು ಕೋಚ್ ಪ್ಯಾಟ್ ಸಮಿಟ್ ಅವರ 38 ಋತುಗಳು

ಅಮೆರಿಕದ ಟೆನೆಸಿ ರಾಜ್ಯದ ನಾಕ್ಸ್‌ವಿಲ್ ಊರಿನಲ್ಲಿ ಥಾಂಪ್ಸನ್-ಬೋಲಿಂಗ್ ಅರೀನಾ ಎಂಬ ದೊಡ್ಡ ಒಳಾಂಗಣ ಕ್ರೀಡಾಂಗಣವಿದೆ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಅಂಕಣದ ಮರದ ನೆಲದ ಮೇಲೆ ಒಬ್ಬ ಹೆಂಗಸಿನ ಸಹಿ ಇದೆ. ವಿಶ್ವವಿದ್ಯಾಲಯದ ಮಹಿಳಾ ತಂಡ ಆಡುವುದು ಆ ನೆಲದ ಮೇಲೆ, ಪುರುಷರ ತಂಡ ಆಡುವುದೂ ಅದೇ ನೆಲದ ಮೇಲೆ. ಸಹಿ ಪ್ಯಾಟ್ ಸಮಿಟ್ ಅವರದು. 1974ರಿಂದ 2012ರವರೆಗೆ ಅವರು ಇಲ್ಲಿ ಮಹಿಳಾ ತಂಡದ ಕೋಚ್ ಆಗಿದ್ದರು. 38 ಋತು, 1,098 ಗೆಲುವು, 208 ಸೋಲು, 8 ರಾಷ್ಟ್ರೀಯ ಪ್ರಶಸ್ತಿ. ಒಂದೇ ಒಂದು ಋತುವಿನಲ್ಲೂ ಸೋಲಿನ ಸಂಖ್ಯೆ ಗೆಲುವಿನ ಸಂಖ್ಯೆಯನ್ನು ಮೀರಲಿಲ್ಲ.

ಇಷ್ಟನ್ನು ದಾಖಲೆಯ ಪುಟಗಳೇ ಹೇಳುತ್ತವೆ. ಅವರು ಕೋಚ್ ಆಗಿ ಮೊದಲ ಪಂದ್ಯಕ್ಕೆ ನಿಂತು ಐವತ್ತು ವರ್ಷ ದಾಟಿರುವ ಈ ಹೊತ್ತಿನಲ್ಲಿ ನಾನು ನೆನೆಯಬೇಕೆಂದಿರುವ ಸಂಗತಿ ಆ ಅಂಕಿಗಳಿಗಿಂತ ಹಳೆಯದು. ಹೆಣ್ಣುಮಕ್ಕಳಿಗೆ ಅರ್ಧ ಅಂಕಣ ಸಾಕು ಎಂದು ಶಾಲೆಗಳೇ ನಿಯಮ ಬರೆದಿಟ್ಟಿದ್ದ ರಾಜ್ಯ ಅದು. ಅಲ್ಲಿ ಪೂರ್ತಿ ಅಂಕಣ ಅವರದಾದದ್ದು ಹೇಗೆ ಎಂಬುದನ್ನು ನೋಡಿದರೆ, ಒಬ್ಬ ಕೋಚ್‌ನ ವೃತ್ತಿಜೀವನ ಒಂದು ಸಂಸ್ಥೆಯ ಚರಿತ್ರೆಯೇ ಆಗುವುದು ಹೇಗೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಹುಲ್ಲಿನ ಅಟ್ಟದ ಮೇಲಿನ ಆಟ

ಮುಂದೆ ಪ್ಯಾಟ್ ಸಮಿಟ್ ಎನಿಸಿದ ಪೆಟ್ರೀಷಿಯಾ ಸ್ಯೂ ಹೆಡ್ ಹುಟ್ಟಿದ್ದು 1952ರ ಜೂನ್ 14ರಂದು, ಟೆನೆಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ. ತಂದೆ ರಿಚರ್ಡ್, ತಾಯಿ ಹೇಝಲ್. ಮೂವರು ಅಣ್ಣಂದಿರು, ಒಬ್ಬ ತಂಗಿ. ಮನೆತುಂಬ ಬೇಸಾಯ: ಕರೆಯುವ ಹಸುಗಳು, ಹುಲ್ಲಿನ ಕೊಯ್ಲು, ಹೊಗೆಸೊಪ್ಪಿನ ಹೊಲ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಹೊಗೆಸೊಪ್ಪಿನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿ ನೆಟ್ಟಲ್ಲಿಂದ ಸೊಪ್ಪು ಬ್ಯಾರನ್ ಸೇರುವ ತನಕ ಮನೆಮಂದಿಯೆಲ್ಲ ಬೆನ್ನು ಬಗ್ಗಿಸಲೇಬೇಕು. ಇವತ್ತು ಮೈ ಸರಿಯಿಲ್ಲ ಎಂದರೆ ಬೆಳೆ ಕೇಳುವುದಿಲ್ಲ, ಹಸುವೂ ಕೇಳುವುದಿಲ್ಲ. ಮಗಳೆಂಬ ರಿಯಾಯಿತಿ ಆ ಮನೆಯಲ್ಲಿ ಇರಲಿಲ್ಲ. ಅಣ್ಣಂದಿರು ಮಾಡುವ ಕೆಲಸವನ್ನೆಲ್ಲ ಪ್ಯಾಟ್ ಮಾಡಿದರು. ಕೆಲಸ ಮುಗಿದ ಮೇಲೆ ಕೊಟ್ಟಿಗೆಯ ಹುಲ್ಲಿನ ಅಟ್ಟದಲ್ಲಿ ಆ ಅಣ್ಣಂದಿರ ಜೊತೆಯೇ ಬ್ಯಾಸ್ಕೆಟ್‌ಬಾಲ್ ಆಡಿದರು.

ಹೈಸ್ಕೂಲಿಗೆ ಹೋಗುವ ವಯಸ್ಸು ಬಂದಾಗ ಒಂದು ತೊಡಕು ಎದುರಾಯಿತು. ಅವರು ಸೇರಬೇಕಿದ್ದ ಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ಮಾತು ಕಡಿಮೆ, ಗದರುವುದು ಹೆಚ್ಚು ಎಂಬಂತಿದ್ದ ತಂದೆ ಆಗ ಮಾಡಿದ ಕೆಲಸ ದೊಡ್ಡದು: ಮಗಳು ಆಡಲೆಂದು ಸಂಸಾರವನ್ನೇ ಪಕ್ಕದ ಕೌಂಟಿಯ ಹೆನ್ರಿಯೆಟಾ ಎಂಬ ಹಳ್ಳಿಗೆ ಸಾಗಿಸಿದರು. ಪ್ರೀತಿಯನ್ನು ಬಾಯಲ್ಲಿ ಹೇಳದೆ ಕೆಲಸದಲ್ಲಿ ತೋರಿಸುವ ಜಾತಿಯ ಮನುಷ್ಯ ಅವರು. ತಂದೆ ತನ್ನನ್ನು ಮೊದಲ ಬಾರಿಗೆ ಅಪ್ಪಿಕೊಂಡದ್ದು 1996ರ ಪ್ರಶಸ್ತಿ ಗೆದ್ದಾಗ, ಆಗ ತನಗೆ 43 ವರ್ಷ ಎಂದು ಪ್ಯಾಟ್ ಮುಂದೆ ನೆನಪಿಸಿಕೊಂಡಿದ್ದಾರೆ.

ನಡುಗೆರೆ ದಾಟಬಾರದು

ಹೊಸ ಊರಿನ ಶಾಲೆಯಲ್ಲಿ ತಂಡವೇನೋ ಇತ್ತು. ಆದರೆ ಟೆನೆಸಿಯ ಹೈಸ್ಕೂಲುಗಳಲ್ಲಿ ಹುಡುಗಿಯರ ಆಟಕ್ಕೆ ಬೇರೆಯೇ ನಿಯಮ. ಹುಡುಗರ ತಂಡಕ್ಕೆ ಐದು ಮಂದಿ, ಹುಡುಗಿಯರಿಗೆ ಆರು. ಆ ಆರರಲ್ಲಿ ಮೂವರು ಅಂಕಣದ ಒಂದು ಅರ್ಧದಲ್ಲಿ ನಿಂತು ಬುಟ್ಟಿಗೆ ಚೆಂಡು ಹಾಕುವವರು. ಉಳಿದ ಮೂವರು ಇನ್ನೊಂದು ಅರ್ಧದಲ್ಲಿ ಎದುರಾಳಿಗಳನ್ನು ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಚೆಂಡು ಆಚೆ ಹೋದರೆ ಈಚೆಯವರು ಸೊಂಟಕ್ಕೆ ಕೈಯಿಟ್ಟು ಗೆರೆಯ ಹತ್ತಿರ ನಿಂತು ನೋಡಬೇಕು. ಪೂರ್ತಿ ಅಂಕಣ ಓಡುವುದು ಹೆಣ್ಣಿನ ಮೈಗೆ ಭಾರ ಎಂಬ ಹಳೆಯ ನಂಬಿಕೆಯಿಂದ ಹುಟ್ಟಿದ ನಿಯಮ ಅದು. ಹೊಲದಲ್ಲಿ ಅಣ್ಣಂದಿರ ಸರಿಸಮಕ್ಕೆ ದುಡಿದು ಬಂದ ಹುಡುಗಿಗೆ ಶಾಲೆ ಹೇಳಿಕೊಟ್ಟದ್ದು ಇದನ್ನು.

ಮುಂದೆ ಟೆನೆಸಿ ವಿಶ್ವವಿದ್ಯಾಲಯದ ಮಾರ್ಟಿನ್ ಕ್ಯಾಂಪಸ್ಸಿಗೆ ಸೇರಿದಾಗಲೂ ಇದೇ ಕಥೆಯ ಇನ್ನೊಂದು ಮುಖ. ಹುಡುಗರು ಆಟದ ವಿದ್ಯಾರ್ಥಿವೇತನದಲ್ಲಿ ಓದಬಹುದಿತ್ತು, ಹುಡುಗಿಯರಿಗೆ ಅದು ಇರಲಿಲ್ಲ. ಪ್ಯಾಟ್ ಅವರ ಶುಲ್ಕವನ್ನು ಮನೆಯವರೇ ಕಟ್ಟಿದರು. 1972ರ ಜೂನ್‌ನಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು-ಗಂಡೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದು ಅದು ಹೇಳಿತು. ಕಾನೂನು ಬಾಗಿಲು ತೆರೆಯಿತು ನಿಜ; ಒಳಗೆ ಹೋಗಿ ದೀಪ ಹಚ್ಚುವವರು ಬೇಕಿತ್ತು.

1974ರ ಆರಂಭದಲ್ಲಿ ಪ್ಯಾಟ್ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಆ ಕಾಲದಲ್ಲಿ ಇಂಥ ಪೆಟ್ಟು ಬಿದ್ದ ಆಟಗಾರ್ತಿಗೆ ಆಟ ಮುಗಿಯಿತೆಂದೇ ಲೆಕ್ಕ. ಅವರು ಹಾಗೆಂದುಕೊಳ್ಳಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿ ಸೇರಿದಾಗ ಅಮೆರಿಕ ತಂಡದ ಸಹನಾಯಕಿಯಾಗಿ ಬೆಳ್ಳಿ ಪದಕ ತಂದರು. ಎಂಟು ವರ್ಷದ ನಂತರ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದೇ ದೇಶದ ತಂಡಕ್ಕೆ ಕೋಚ್ ಆಗಿ ಚಿನ್ನ ಗೆಲ್ಲಿಸಿದರು.

ವ್ಯಾನಿನ ಚಾಲಕಿಯೂ ಅವರೇ

ನಾಕ್ಸ್‌ವಿಲ್‌ಗೆ ಪ್ಯಾಟ್ ಬಂದದ್ದು ಸ್ನಾತಕೋತ್ತರ ಓದಿಗೆ, ಜೊತೆಗೆ ಸಹಾಯಕಿಯ ಕೆಲಸಕ್ಕೆ. ಅಷ್ಟರಲ್ಲಿ ಮುಖ್ಯ ಕೋಚ್ ಡಾಕ್ಟರೇಟ್ ಓದಿಗಾಗಿ ರಜೆ ಹಾಕಿದರು. 22 ವರ್ಷದ ಪ್ಯಾಟ್ ಹೆಗಲಿಗೆ ಇಡೀ ತಂಡ ಬಿತ್ತು. ಆಟಗಾರ್ತಿಯರಿಗೂ ಅವರಿಗೂ ವಯಸ್ಸಿನ ಅಂತರ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಸಂಬಳ ತಿಂಗಳಿಗೆ 250 ಡಾಲರ್. ಅದಕ್ಕೆ ಪ್ರತಿಯಾಗಿ ತಂಡ ಕಟ್ಟಬೇಕು, ತರಗತಿ ತೆಗೆದುಕೊಳ್ಳಬೇಕು, ತಮ್ಮ ಓದು ಓದಬೇಕು, ಮೊಣಕಾಲು ಗಟ್ಟಿ ಮಾಡಿಕೊಂಡು ಒಲಿಂಪಿಕ್ಸ್‌ಗೂ ಸಿದ್ಧವಾಗಬೇಕು.

ಆ ವರ್ಷಗಳ ವಿವರ ಓದಿದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ. ಬೇರೆ ಊರಿಗೆ ಪಂದ್ಯಕ್ಕೆ ಹೊರಟರೆ ವ್ಯಾನ್ ಓಡಿಸುವವರು ಕೋಚ್. ಬೆವರಿನ ಸಮವಸ್ತ್ರ ಒಗೆಯುವವರೂ ಅವರೇ. ಹೊಸ ಸಮವಸ್ತ್ರ ಬೇಕಾದಾಗ ಡೋನಟ್ ಮಾರಿ ದುಡ್ಡು ಹೊಂದಿಸಿದರು. ಹೋಟೆಲಿಗೆ ಹಣವಿಲ್ಲದೆ ಎದುರಾಳಿಗಳ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗೆದ್ದು ಮರುದಿನ ಆಡಿದ್ದೂ ಉಂಟು. 1974ರ ಡಿಸೆಂಬರ್ 7ರಂದು ಮರ್ಸರ್ ವಿಶ್ವವಿದ್ಯಾಲಯದ ಎದುರು ಮೊದಲ ಪಂದ್ಯ. ಫಲಿತಾಂಶ 84-83, ಒಂದು ಪಾಯಿಂಟಿನಿಂದ ಸೋಲು. ಆ ಋತು ಮುಗಿಯುವ ಹೊತ್ತಿಗೆ 16 ಗೆಲುವು, 8 ಸೋಲು. ಸಾಲದ ಮನೆಯಲ್ಲಿ ಹೊಸ ಒಲೆ ಹೂಡಿದವರ ಹಾಗೆ, ಇದ್ದುದರಲ್ಲೇ ಅಡುಗೆ ಶುರುವಾಯಿತು.

1976ರಲ್ಲಿ ವಿಶ್ವವಿದ್ಯಾಲಯ ಮಹಿಳಾ ಕ್ರೀಡೆಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಗ್ಲೋರಿಯಾ ರೇ ಅದರ ಮೊದಲ ನಿರ್ದೇಶಕಿ. 1983ರಲ್ಲಿ ಬಂದ ಜೋನ್ ಕ್ರೋನನ್ ಮೂರು ದಶಕದ ಹತ್ತಿರ ಆ ಕುರ್ಚಿಯಲ್ಲಿದ್ದರು. ಪುರುಷರ ವಿಭಾಗದಿಂದ ಬೇರೆಯಾಗಿ, ತನ್ನದೇ ಕಚೇರಿ, ತನ್ನದೇ ಆಯವ್ಯಯ, ತನ್ನದೇ ಹೆಸರು ಇಟ್ಟುಕೊಂಡು ನಿಂತ ಇಂಥ ವಿಭಾಗಗಳು ಅಮೆರಿಕದಲ್ಲೇ ವಿರಳವಾಗಿದ್ದವು. 'ಲೇಡಿ ವಾಲ್ಸ್' ಎಂಬ ತಂಡದ ಹೆಸರು ಮನೆಮಾತಾದದ್ದು ಆ ಆಸರೆಯಲ್ಲಿ. ಕೋಚ್ ಎಷ್ಟೇ ಗಟ್ಟಿಯಾಗಿದ್ದರೂ ಬೆನ್ನಿಗೆ ಆಡಳಿತದ ಬಲವಿಲ್ಲದಿದ್ದರೆ ಫಲ ನಿಲ್ಲುವುದಿಲ್ಲ. ಈ ಮಾತನ್ನು ಸಂಸ್ಥೆಗಳನ್ನು ಕಟ್ಟುವವರೆಲ್ಲ ಗಮನಿಸಬೇಕು.

ನ್ಯಾಯಾಲಯದಲ್ಲಿ ಒಂದು ಸಾಕ್ಷಿ

ಅದೇ 1976ರಲ್ಲಿ ನಾಕ್ಸ್‌ವಿಲ್ ಪಕ್ಕದ ಓಕ್ ರಿಡ್ಜ್ ಊರಿನ ಹೈಸ್ಕೂಲು ಆಟಗಾರ್ತಿಯೊಬ್ಬಳು ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ತಡೆಯುವ ಮೂವರಲ್ಲಿ ಒಬ್ಬಳಾದ ಆಕೆಗೆ ಬುಟ್ಟಿಗೆ ಚೆಂಡು ಎಸೆಯುವ ಅವಕಾಶವೇ ಇಲ್ಲ. ಎಸೆಯಲು ಬಾರದವಳಿಗೆ ಕಾಲೇಜಿನ ವಿದ್ಯಾರ್ಥಿವೇತನ ಕೊಡುವವರಾರು? ಹುಡುಗರಿಗಿರುವ ನಿಯಮವೇ ತನಗೂ ಬೇಕೆಂಬುದು ಆಕೆಯ ವಾದ. ಪ್ಯಾಟ್ ಆಕೆಯ ಪರ ಸಾಕ್ಷಿ ನುಡಿದರು. ಕೆಳಗಿನ ನ್ಯಾಯಾಲಯ ಹುಡುಗಿಯ ಪರ ತೀರ್ಪು ಕೊಟ್ಟಿತು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು.

ಕಾನೂನಿನ ದಾರಿ ಮುಚ್ಚಿದ ಮೇಲೆ ಪ್ಯಾಟ್ ತಮ್ಮ ಕೈಯಲ್ಲಿದ್ದ ದಾರಿ ಹಿಡಿದರು. ಅರ್ಧ ಅಂಕಣದ ಆಟ ಹೋಗುವವರೆಗೆ ತಮ್ಮ ತಂಡಕ್ಕೆ ಟೆನೆಸಿಯ ಹುಡುಗಿಯರನ್ನು ತೆಗೆದುಕೊಳ್ಳುವುದು ಸಾಧ್ಯವಿಲ್ಲ ಎಂದು ಸಾರಿ ಹೇಳಿದರು. ಸ್ವಂತ ರಾಜ್ಯದ ಕೋಚ್ ಬಾಯಲ್ಲಿ ಈ ಮಾತು ಬಂದಾಗ ಅಪ್ಪ-ಅಮ್ಮಂದಿರಿಗೆ, ಶಾಲೆಗಳಿಗೆ ತಟ್ಟದೆ ಇರುತ್ತದೆಯೇ? 1979ರಲ್ಲಿ ರಾಜ್ಯದ ಹೈಸ್ಕೂಲು ಕ್ರೀಡಾ ಸಂಘ ನಿಯಮ ಬದಲಾಯಿಸಿತು. ಐದು ಮಂದಿಯ ತಂಡ ಬಂತು, ನಡುಗೆರೆಯ ತಡೆ ಹೋಯಿತು. ಎಂಟು ರಾಷ್ಟ್ರೀಯ ಪ್ರಶಸ್ತಿಗಳ ಜೊತೆಗೆ ಈ ಗೆಲುವನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ಪ್ರಶಸ್ತಿಗಳು ಒಂದು ತಂಡದವು. ಇದು ಟೆನೆಸಿಯ ಹಳ್ಳಿಹಳ್ಳಿಯ ಶಾಲೆಯ ಹುಡುಗಿಯದು.

ಪ್ರಶಸ್ತಿಗಳ ದಾರಿ

ಮೊದಲ ರಾಷ್ಟ್ರೀಯ ಪ್ರಶಸ್ತಿಗೆ ಪ್ಯಾಟ್ 13 ಋತು ಕಾಯಬೇಕಾಯಿತು. 1980, 1981, 1984ರಲ್ಲಿ ತಂಡ ಫೈನಲ್ ತಲುಪಿ ಸೋತಿತ್ತು. ಈ ಕೋಚ್‌ಗೆ ದೊಡ್ಡ ಪಂದ್ಯ ಗೆಲ್ಲಲು ಬಾರದು ಎಂಬ ಮಾತೂ ಹುಟ್ಟಿಕೊಂಡಿತ್ತು. 1987ರಲ್ಲಿ ಆಸ್ಟಿನ್‌ನಲ್ಲಿ ನಡೆದ ಫೈನಲ್‌ನಲ್ಲಿ ಲೂಸಿಯಾನಾ ಟೆಕ್ ತಂಡವನ್ನು 67-44ರಿಂದ ಸೋಲಿಸಿದಾಗ ಆ ಬಾಯಿಗಳಿಗೆ ಬೀಗ ಬಿತ್ತು. 1989ರಲ್ಲಿ ಮತ್ತೊಂದು ಪ್ರಶಸ್ತಿ.

1990ರಿಂದ 1991ರವರೆಗಿನ ಒಂದು ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ಯಾಟ್ ಎಂಥವರೆಂಬುದು ಅಲ್ಲಿದೆ. 1990ರ ಕೊನೆಯ ಸುತ್ತಿನ ಪಂದ್ಯಗಳು ನಾಕ್ಸ್‌ವಿಲ್‌ನಲ್ಲೇ ನಡೆಯಲಿದ್ದವು. ಆದರೆ ಅದಕ್ಕೆ ಒಂದು ಹೆಜ್ಜೆ ಮೊದಲು ವರ್ಜೀನಿಯಾ ತಂಡ ಹೆಚ್ಚುವರಿ ಅವಧಿಯಲ್ಲಿ ಟೆನೆಸಿಯನ್ನು ಸೋಲಿಸಿತು. ಸ್ವಂತ ಊರಿನ ಜಾತ್ರೆಗೆ ತಾವೇ ಇಲ್ಲದಂತಾಯಿತು. ಆ ಸೆಪ್ಟೆಂಬರ್‌ನಲ್ಲಿ ತುಂಬು ಬಸುರಿಯಾಗಿದ್ದ ಪ್ಯಾಟ್, ಮಿಶೆಲ್ ಮಾರ್ಸಿನಿಯಾಕ್ ಎಂಬ ಹೈಸ್ಕೂಲು ಆಟಗಾರ್ತಿಯನ್ನು ತಂಡಕ್ಕೆ ಕರೆಯಲು ಪೆನ್ಸಿಲ್ವೇನಿಯಾಕ್ಕೆ ಸಣ್ಣ ವಿಮಾನದಲ್ಲಿ ಹೋದರು. ಅಲ್ಲಿ ನೋವು ಶುರುವಾಯಿತು. ಹಿಂದಿರುಗುವ ದಾರಿಯಲ್ಲಿ ವರ್ಜೀನಿಯಾದಲ್ಲಿ ಇಳಿಸೋಣ ಎಂದು ಪೈಲಟ್‌ಗಳು ಕೇಳಿದರೆ ಪ್ಯಾಟ್ ಒಪ್ಪಲಿಲ್ಲ; ಮಗು ಟೆನೆಸಿಯ ನೆಲದಲ್ಲೇ ಹುಟ್ಟಬೇಕು. ಹಾಗೆಯೇ ಆಯಿತು. ಮಗನಿಗೆ ಟೈಲರ್ ಎಂದು ಹೆಸರಿಟ್ಟರು. ಮರುವರ್ಷದ ಫೈನಲ್‌ನಲ್ಲಿ ಎದುರು ಬಂದದ್ದು ಅದೇ ವರ್ಜೀನಿಯಾ, ಪಂದ್ಯ ಹೋದದ್ದು ಮತ್ತೆ ಹೆಚ್ಚುವರಿ ಅವಧಿಗೆ. ಟೆನೆಸಿ 70-67ರಿಂದ ಗೆದ್ದಿತು. ಮಿಶೆಲ್ ಮೊದಲು ಬೇರೆ ವಿಶ್ವವಿದ್ಯಾಲಯ ಸೇರಿದರೂ ಬಳಿಕ ಟೆನೆಸಿಗೇ ಬಂದರು; 1996ರ ಪ್ರಶಸ್ತಿಯ ವರ್ಷ ಕೊನೆಯ ಸುತ್ತಿನ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವರು ಅವರೇ.

1996, 1997, 1998 ಸತತ ಮೂರು ಪ್ರಶಸ್ತಿಗಳ ಕಾಲ. ನಡುವಿನ ವರ್ಷ ತಂಡ ಹತ್ತು ಪಂದ್ಯ ಸೋತು ತತ್ತರಿಸಿದ್ದರೂ ಕೊನೆಗೆ ಗೆದ್ದಿತು. ಮರುವರ್ಷ ಒಂದು ಸೋಲೂ ಇಲ್ಲ: 39 ಪಂದ್ಯ, 39 ಗೆಲುವು. ಆ ತಂಡದಲ್ಲಿ ಶಮೀಕ್ ಹೋಲ್ಡ್ಸ್‌ಕ್ಲಾ ಇದ್ದರು, ಹೊಸದಾಗಿ ಬಂದ ತಮೀಕಾ ಕ್ಯಾಚಿಂಗ್ಸ್, ಸೆಮೀಕಾ ರ್‍ಯಾಂಡಲ್ ಇದ್ದರು. ಮೂವರ ಹೆಸರಿನ ಕೊನೆಯ ಸದ್ದು ಹಿಡಿದು ಅಭಿಮಾನಿಗಳು ಅವರನ್ನು 'ಮೀಕ್ಸ್' ಎಂದೇ ಕರೆದರು. ಆಮೇಲೆ ಒಂಬತ್ತು ವರ್ಷದ ಬರ. ಈ ಅವಧಿಯಲ್ಲಿ ಜೀನೋ ಆರಿಯೆಮ್ಮಾ ಅವರ ಕನೆಕ್ಟಿಕಟ್ ತಂಡ ಬೆಳೆದು ನಿಂತಿತ್ತು. ಎರಡು ತಂಡಗಳ ಪೈಪೋಟಿ ಮಹಿಳಾ ಆಟವನ್ನು ದೇಶದ ಟಿ.ವಿ. ಪರದೆಗೆ ತಂದಿತು. 2007 ಮತ್ತು 2008ರಲ್ಲಿ ಕ್ಯಾಂಡೇಸ್ ಪಾರ್ಕರ್ ಅವರ ಆಟದ ಬಲದಿಂದ ಏಳನೆಯ, ಎಂಟನೆಯ ಪ್ರಶಸ್ತಿ ಬಂದವು. 2009ರ ಫೆಬ್ರವರಿ 5ರಂದು ಜಾರ್ಜಿಯಾ ತಂಡದ ಎದುರು ಪ್ಯಾಟ್ ಅವರ ಸಾವಿರದ ಗೆಲುವು.

ಮೊದಲ ಮೂರು ಸಾಲು

ಪ್ಯಾಟ್ ಅವರ ತಂಡದ ನಿಯಮಗಳಲ್ಲಿ ಒಂದು ಅಂಕಣಕ್ಕೆ ಸಂಬಂಧಿಸಿದ್ದೇ ಅಲ್ಲ. ಆಟಗಾರ್ತಿಯರು ತರಗತಿಯಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಕಾರಣವಿಲ್ಲದೆ ತರಗತಿ ತಪ್ಪಿಸಿದರೆ ಮುಂದಿನ ಪಂದ್ಯವೂ ತಪ್ಪುತ್ತದೆ, ಆಕೆ ಎಷ್ಟೇ ದೊಡ್ಡ ಆಟಗಾರ್ತಿಯಾಗಿರಲಿ. ನಿಯಮದ ಫಲ ಹೀಗಿದೆ: 38 ವರ್ಷಗಳಲ್ಲಿ ತಮ್ಮ ಪೂರ್ತಿ ಅವಧಿ ಟೆನೆಸಿಯಲ್ಲಿ ಆಡಿ ಮುಗಿಸಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಿದ್ದಾರೆ. 1,098 ಎಂಬ ಸಂಖ್ಯೆಯನ್ನು ಬೇರೆಯವರು ದಾಟಬಹುದು, ದಾಟಿಯೂ ಆಗಿದೆ. ಇದನ್ನು ದಾಟಲು ಬರುವುದಿಲ್ಲ, ಹೆಚ್ಚೆಂದರೆ ಸರಿಗಟ್ಟಬಹುದು.

ಅಂಕಣದೊಳಗೆ ಅವರ ಪಾಠ ರಕ್ಷಣೆ ಮತ್ತು ರಿಬೌಂಡ್. ಬುಟ್ಟಿಗೆ ಬೀಳದೆ ಮರಳಿ ಚಿಮ್ಮಿದ ಚೆಂಡಿಗೆ ಯಾರು ಮೊದಲು ಹಾರುತ್ತಾರೋ ಪ್ರಶಸ್ತಿ ಅವರದು ಎಂಬುದು ಅವರ ನಂಬಿಕೆ. ರಿಬೌಂಡ್‌ಗೆ ಚಂದದ ಕೈಚಳಕ ಬೇಕಿಲ್ಲ. ಬಿಡದ ಹಟ ಬೇಕು. ಹುಲ್ಲು ಹೊತ್ತು ಬೆಳೆದವರ ಆಟ ಅದು. ತಪ್ಪಿದಾಗ ಅವರು ಬಾಯಿ ತೆರೆಯುವ ಮೊದಲೇ ಆ ತಿಳಿನೀಲಿ ಕಣ್ಣುಗಳ ದಿಟ್ಟ ನೋಟ ಸಾಕಾಗುತ್ತಿತ್ತು ಎಂದು ಅವರ ಕೈಯಲ್ಲಿ ಆಡಿದವರೆಲ್ಲ ಹೇಳುತ್ತಾರೆ.

ಅದೇ ಕಣ್ಣು ಬೇರೆ ರೀತಿಯಲ್ಲೂ ನೋಡಬಲ್ಲದಾಗಿತ್ತು. ತಮೀಕಾ ಕ್ಯಾಚಿಂಗ್ಸ್‌ಗೆ ಹುಟ್ಟಿನಿಂದಲೂ ಕಿವಿ ಮಂದ. ಚಿಕ್ಕಂದಿನಲ್ಲಿ ಜೊತೆಯ ಮಕ್ಕಳ ಗೇಲಿ ತಾಳಲಾರದೆ ಆಕೆ ಶ್ರವಣಸಾಧನವನ್ನು ಎಸೆದುಬಿಟ್ಟಿದ್ದರು. ತುಟಿಯ ಚಲನೆ ನೋಡಿ ಮಾತು ಹಿಡಿಯುತ್ತ, ಆಟದಲ್ಲಿ ಮೆರೆಯುತ್ತ ಕಾಲೇಜಿನ ತನಕ ಬಂದಿದ್ದರು. ಶ್ರವಣಸಾಧನವನ್ನು ಮತ್ತೆ ಹಾಕಿಕೊಳ್ಳುವಂತೆ ಒಲಿಸಿದವರು ಪ್ಯಾಟ್. ಆ ತಮೀಕಾ ಮುಂದೆ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದರು. ಗದರಿಸಿ ಓಡಿಸುವುದು ಬಹಳ ಮಂದಿಗೆ ಬರುತ್ತದೆ. ಒಬ್ಬ ಹುಡುಗಿ ಬಚ್ಚಿಟ್ಟುಕೊಂಡ ನಾಚಿಕೆಯನ್ನು ಗುರುತಿಸಿ ಅದನ್ನು ಇಳಿಸುವುದು ಗುರುವಿಗೆ ಮಾತ್ರ ಬರುತ್ತದೆ.

ಪುರುಷರ ತಂಡಕ್ಕೆ ಕೋಚ್ ಆಗುವಿರಾ ಎಂದು ವಿಶ್ವವಿದ್ಯಾಲಯ ಅವರನ್ನು ಎರಡು ಸಲ ವಿಚಾರಿಸಿತು. ಎರಡು ಸಲವೂ ಬೇಡವೆಂದರು. ಅದು ಬಡ್ತಿ ಎಂದು ಅವರಿಗೆ ಅನ್ನಿಸಲೇ ಇಲ್ಲ. 2005ರ ಮಾರ್ಚ್‌ನಲ್ಲಿ ಅವರು 880ನೆಯ ಗೆಲುವು ಪಡೆದು, ನಾರ್ತ್ ಕೆರೊಲಿನಾದ ಪುರುಷರ ತಂಡದ ಕೋಚ್ ಡೀನ್ ಸ್ಮಿತ್ ಅವರ ಗೆಲುವಿನ ದಾಖಲೆ ದಾಟಿದಾಗ ವಿಶ್ವವಿದ್ಯಾಲಯ ಅಂಕಣಕ್ಕೆ 'ದಿ ಸಮಿಟ್' ಎಂದು ಹೆಸರಿಟ್ಟಿತು. ಮರುವರ್ಷದ ಒಪ್ಪಂದದಲ್ಲಿ ಅವರ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿತು. ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಲ್ಲಿಯವರೆಗೆ ಯಾವ ಕೋಚ್‌ಗೂ ಸಿಗದ ಮೊತ್ತ. ಅದೇ 2006ರ ಜನವರಿಯಲ್ಲಿ ಕನೆಕ್ಟಿಕಟ್ ಎದುರಿನ ಪಂದ್ಯ ನೋಡಲು ನಾಕ್ಸ್‌ವಿಲ್‌ನಲ್ಲಿ 24 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಡೋನಟ್ ಮಾರಿ ಸಮವಸ್ತ್ರ ಕೊಂಡ ದಿನಗಳಿಗೂ ಆ ಸಂಜೆಗೂ ನಡುವೆ ಇದ್ದದ್ದು ಒಬ್ಬರೇ ಕೋಚ್.

ಕೊನೆಯ ಋತು

2011ರ ಆಗಸ್ಟ್‌ನಲ್ಲಿ, 59ರ ವಯಸ್ಸಿನಲ್ಲಿ, ತಮಗೆ ಅಲ್ಝೈಮರ್ ಕಾಯಿಲೆ ಇದೆ ಎಂದು ಪ್ಯಾಟ್ ತಾವೇ ಜಗತ್ತಿಗೆ ಹೇಳಿದರು. ಮರೆವಿನ ಕಾಯಿಲೆಯನ್ನು ಮನೆಯೊಳಗೇ ಮುಚ್ಚಿಡುವುದು ಎಲ್ಲ ದೇಶದಲ್ಲೂ ಇರುವ ರೂಢಿ. ಅವರು ಮುಚ್ಚಿಡಲಿಲ್ಲ, ಅಂಕಣವನ್ನೂ ಬಿಡಲಿಲ್ಲ. ಇನ್ನೊಂದು ಋತು ಬೆಂಚಿನ ಮೇಲೆ ಕೂತರು. ಹಾಲಿ ವಾರ್ಲಿಕ್ ಮತ್ತು ಉಳಿದ ಸಹಾಯಕರು ಹೆಚ್ಚಿನ ಹೊರೆ ಹೊತ್ತರು. ಆ ಋತುವಿನಲ್ಲೂ 27 ಗೆಲುವು, 9 ಸೋಲು. 2012ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಮರುತಿಂಗಳು ಅಧ್ಯಕ್ಷ ಒಬಾಮಾ ಅವರಿಂದ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ಪಡೆದರು. ಕಾಯಿಲೆಯ ಸಂಶೋಧನೆಗೆ, ರೋಗಿಗಳನ್ನು ನೋಡಿಕೊಳ್ಳುವ ಮನೆಯವರ ನೆರವಿಗೆ ಒಂದು ಪ್ರತಿಷ್ಠಾನ ಕಟ್ಟಿದರು. 2016ರ ಜೂನ್ 28ರಂದು, 64ರ ವಯಸ್ಸಿನಲ್ಲಿ, ನಾಕ್ಸ್‌ವಿಲ್‌ನಲ್ಲೇ ತೀರಿಕೊಂಡರು. ಅದೇ ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅವರ ಹೆಸರಿನ ಅಲ್ಝೈಮರ್ ಚಿಕಿತ್ಸಾಲಯ ತೆರೆಯಿತು.

ಗೆರೆಯ ಆಚೆ

ಪ್ಯಾಟ್ ನಂತರ ತಂಡದ ಹೊಣೆ ಹೊತ್ತವರು ಹಾಲಿ ವಾರ್ಲಿಕ್, ಅವರ ನಂತರ 2019ರಲ್ಲಿ ಕೆಲಿ ಹಾರ್ಪರ್. ಇಬ್ಬರೂ ಪ್ಯಾಟ್ ಕೈಯಲ್ಲಿ ಆಡಿದವರು, ಇಬ್ಬರೂ ಟೆನೆಸಿಯ ಹುಡುಗಿಯರು. ಆದರೆ ಇಬ್ಬರ ಬಾಲ್ಯದ ನಡುವೆ ಒಂದು ವ್ಯತ್ಯಾಸವಿದೆ. ನಾಕ್ಸ್‌ವಿಲ್‌ನವರೇ ಆದ ವಾರ್ಲಿಕ್ ಹೈಸ್ಕೂಲು ಮುಗಿಸಿ 1976ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂದಾಗ ರಾಜ್ಯದಲ್ಲಿ ಇನ್ನೂ ಅರ್ಧ ಅಂಕಣದ ಆಟವೇ ನಡೆಯುತ್ತಿತ್ತು. ಅವರಿಗೆ ವಿದ್ಯಾರ್ಥಿವೇತನ ಸಿಕ್ಕಿದ್ದು ಬ್ಯಾಸ್ಕೆಟ್‌ಬಾಲ್‌ಗಲ್ಲ, ಓಟಕ್ಕೆ. ಸ್ಪಾರ್ಟಾ ಎಂಬ ಸಣ್ಣ ಊರಿನ ಕೆಲಿ ಹುಟ್ಟಿದ್ದು 1977ರಲ್ಲಿ. ಆಕೆ ಚೆಂಡು ಹಿಡಿಯುವ ವಯಸ್ಸಿಗೆ ಬರುವಷ್ಟರಲ್ಲಿ ಆ ನಿಯಮ ಹೋಗಿ ವರ್ಷಗಳೇ ಆಗಿದ್ದವು. ಊರಿನ ಶಾಲೆಯಲ್ಲಿ ಪೂರ್ತಿ ಅಂಕಣ ಓಡಿ ಬೆಳೆದ ಆ ಹುಡುಗಿಯನ್ನು ಪ್ಯಾಟ್ ತಂಡಕ್ಕೆ ಕರೆದುಕೊಂಡರು. 39 ಪಂದ್ಯಗಳನ್ನೂ ಗೆದ್ದ 1998ರ ತಂಡದಲ್ಲಿ ಚೆಂಡನ್ನು ಈ ಬುಟ್ಟಿಯಿಂದ ಆ ಬುಟ್ಟಿಯವರೆಗೆ ನಡೆಸಿಕೊಂಡು ಹೋಗುವ ಪಾಯಿಂಟ್ ಗಾರ್ಡ್ ಆಕೆಯೇ.

ಆಕೆ ದಿನಕ್ಕೆ ನೂರು ಸಲ ನಡುಗೆರೆ ದಾಟಿದಳು. ಬದಿಯಲ್ಲಿ ನಿಂತು ಅದನ್ನು ನೋಡುತ್ತಿದ್ದ ಕೋಚ್‌ಗೆ ಆ ಗೆರೆಯ ಬೆಲೆ ಗೊತ್ತಿತ್ತು.